ಚಾಪೆ ಎತ್ತುವವರು

ಆಕ್ಲೆಂಡ್
2 ಫೆಬ್ರವರಿ 1976

ಪಾಸಿಲಿಯೊ,

ಈ ಕಾಗದವನ್ನು ನಿನ್ನ ಕೈಗಿಟ್ಟು ತಲೆ ತಗ್ಗಿಸಿ ನಿಂತಿದ್ದಾನಲ್ಲ, ಅವನೇ ನಿನ್ನ ಅಳಿಯ ಲಾಫಾಯೆಲೆ. ನೀನು ಕೊನೆಯ ಸಲ ನೋಡಿದಾಗ ಅವನಿಗೆ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಈಗ ಹದಿನೈದು ತುಂಬಿದೆ. ಇಂಗ್ಲಿಷನ್ನು ನಿನಗಿಂತ ಚೆನ್ನಾಗಿ ಮಾತಾಡುತ್ತಾನೆ, ನಮ್ಮ ದ್ವೀಪದ ಭಾಷೆಯನ್ನು ನಿಮ್ಮ ಬಿಳಿಯ ಬ್ರದರುಗಳಿಗಿಂತ ಕೆಟ್ಟದಾಗಿ ಮಾತಾಡುತ್ತಾನೆ. ಅವನನ್ನು ಸಂತ ಫರ್ಮಿನರ ಶಾಲೆಗೆ ಸೇರಿಸು. ಅಪ್ಪ ಓದಿದ ಶಾಲೆ, ನೀನು ಓದಿ ಈಗ ಚರಿತ್ರೆಯ ಮೇಷ್ಟ್ರಾಗಿ ಮೆರೆಯುತ್ತಿರುವ ಶಾಲೆ. ಇವನಪ್ಪ ಬದುಕಿದ್ದರೂ ಇದನ್ನೇ ಹೇಳುತ್ತಿದ್ದರು.

ದಿಢೀರನೆ ಯಾಕೆ ಕಳಿಸಿದೆ ಅಂತ ಕೇಳುತ್ತೀಯ, ಗೊತ್ತು. ಹುಡುಗ ಕೈ ಮೀರಿದ್ದಾನೆ. ಸಹವಾಸ ಕೆಟ್ಟಿದೆ, ಹೇಳಿದ ಮಾತು ಕೇಳುವುದಿಲ್ಲ. ಇಷ್ಟು ಸಾಕು, ಹೆಚ್ಚಿಗೆ ಕೆದಕಬೇಡ. ಹೊಡೆಯಬೇಕೆನಿಸಿದರೆ ಹೊಡಿ. ಅಕ್ಕ ಏನಂದುಕೊಳ್ಳುತ್ತಾಳೋ ಅಂತ ಕೈ ತಡೆಯಬೇಡ. ಮೂಳೆ ಮಾತ್ರ ಮುರಿಯದ ಹಾಗೆ ನೋಡಿಕೋ.

ನನ್ನ ಬಗ್ಗೆ ಚಿಂತೆ ಬೇಡ. ಬಿಸ್ಕತ್ ಕಾರ್ಖಾನೆಯ ಕೆಲಸ ಗಟ್ಟಿಯಾಗಿದೆ. ಫೀಸನ್ನು ತಪ್ಪದೆ ಕಳಿಸುತ್ತೇನೆ.

ನಿನ್ನ ಅಕ್ಕ,
ಅಕೆನೇಸೆ

---

ಆಪಿಯಾ
21 ಫೆಬ್ರವರಿ 1976

ಪ್ರೀತಿಯ ಅಕ್ಕ,

ನಿನ್ನ ಪುಂಡ ಬಂದು ಸೇರಿದ. ಪುಂಡತನವನ್ನು ಇನ್ನೂ ಪೆಟ್ಟಿಗೆಯಿಂದ ಹೊರಗೆ ತೆಗೆದಿಲ್ಲ. ಬಾಯೇ ಬಿಡುವುದಿಲ್ಲ ಮಾರಾಯ್ತಿ! ಊಟಕ್ಕೆ ಕರೆದರೆ ಬರುತ್ತಾನೆ, ಪ್ರಾರ್ಥನೆಗೆ ಕರೆದರೆ ಬರುತ್ತಾನೆ. ಇಂಥ ಹುಡುಗರನ್ನು ನಾನು ಬಹಳ ನೋಡಿದ್ದೇನೆ. ಮೊದಲು ಹಸುವಿನ ಹಾಗಿದ್ದು ಮೂರನೆಯ ತಿಂಗಳಿಗೆ ಕೋಡು ತೋರಿಸುತ್ತಾರೆ. ಅದಕ್ಕೇ ಮೊದಲ ದಿನವೇ ಬೆತ್ತವನ್ನು ಅವನ ಕಣ್ಣಿಗೆ ಕಾಣುವ ಜಾಗದಲ್ಲಿ ತೂಗುಹಾಕಿದ್ದೇನೆ.

ತಿಂಗಳ ಪರೀಕ್ಷೆಯ ಫಲಿತಾಂಶವನ್ನು ಹೆಡ್‌ಮಾಸ್ಟರ್ ಬ್ರದರ್ ಆನ್ಸೆಲ್ಮ್ ಎಂದಿನಂತೆ ಇಡೀ ಶಾಲೆಯ ಮುಂದೆ ಓದಿದರು. ಲಾಫಾ ಇಂಗ್ಲಿಷಿನಲ್ಲಿ ಮೊದಲು, ಬೀಜಗಣಿತದಲ್ಲಿ ಮೂರನೆಯವನು, ನಮ್ಮ ಭಾಷೆಯಲ್ಲಿ ಕೊನೆ. ಕೊನೆಯವನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರಬೇಕು, ನಿನಗೆ ಗೊತ್ತಲ್ಲ, ಅಪ್ಪನೂ ಒಂದು ವರ್ಷ ಅಲ್ಲೇ ಕೂತಿದ್ದರಂತೆ. ಹುಡುಗರು "ಏನೋ ಬಿಳಿಯಾ, ನಿನ್ನ ಭಾಷೇನ ವಿಮಾನದಲ್ಲೇ ಮರೆತು ಬಂದ್ಯಾ?" ಅಂತ ಕಾಡಿಸುತ್ತಾರೆ. ಗೇಟಿನ ಒಳಗೆ ಇಂಗ್ಲಿಷನ್ನೇ ಮಾತಾಡಬೇಕು ಅನ್ನುವ ನಿಯಮಕ್ಕೆ ಹೆದರಿ ಉಳಿದವರೆಲ್ಲ ಮೂಕರಾಗಿದ್ದರೆ, ಮಾತಾಡಬಲ್ಲ ಇವನೊಬ್ಬನೂ ಮೂಕನಾಗಿದ್ದಾನೆ. ನವೆಂಬರಿನಲ್ಲಿ ಸ್ಕೂಲ್ ಸರ್ಟಿಫಿಕೇಟ್ ಪರೀಕ್ಷೆ. ಪಾಸಾಗುತ್ತಾನೆ, ನನಗೆ ಅನುಮಾನವಿಲ್ಲ.

ಈ ವರ್ಷ ಶಾಲೆಗೆ ಐವತ್ತು. ದೀವಿಹಲಸಿನ ಮರದ ಕೆಳಗೆ ಒಬ್ಬ ಫ್ರೆಂಚ್ ಬ್ರದರು ಶುರು ಮಾಡಿದ್ದು, ಈಗ ನೋಡು! ಸ್ವರ್ಣೋತ್ಸವದ ಭಾಷಣ ನನ್ನದೇ. ಆ ಕಂದು ಪಂಚೆಯ ಶಾಲೆಯವರಿಗೆ ಹೊಟ್ಟೆ ಉರಿಯಲಿ. ನಮ್ಮ ಸಮವಸ್ತ್ರದ ನೀಲಿ ಪಂಚೆ ಕಂಡರೆ ಅವರಿಗೆ ಆಗುವುದಿಲ್ಲ, ಅವರ ಕಂದು ಕಂಡರೆ ನಮಗೆ ಆಗುವುದಿಲ್ಲ. ಬಸ್ಸಿನಲ್ಲಿ ಒಂದಿಷ್ಟು ಕೂಗಾಟ, ಅಷ್ಟೆ. ನಮ್ಮ ಕಾಲದಲ್ಲೂ ಇತ್ತು.

ನಿನ್ನ ತಮ್ಮ,
ಪಾಸಿಲಿಯೊ

---

ಆಕ್ಲೆಂಡ್
30 ಮೇ 1976

ಪಾಸಿಲಿಯೊ,

ಇನ್ನು ಮುಂದೆ ಕಾಗದಗಳನ್ನು ಇಲ್ಲಿಯ ಚರ್ಚಿನ ಫಾದರ್ ವಿಳಾಸಕ್ಕೆ ಹಾಕು. ಮನೆ ಬದಲಾಯಿಸಿದೆ, ಮತ್ತೆ ಬದಲಾಯಿಸಬಹುದು. ಇಲ್ಲಿಯ ಬಾಡಿಗೆ ಮನೆಗಳ ಹಣೆಬರಹವೇ ಅಷ್ಟು.

ಲಾಫಾ ಎರಡು ವಾರಕ್ಕೊಮ್ಮೆ ಬರೆಯುತ್ತಾನೆ. ಅಂಕಗಳು, ಬಿಸಿಲು, ಭಾನುವಾರ ನಿಮ್ಮ ಮನೆಯ ಕಲ್ಲೊಲೆಯಲ್ಲಿ ಬೇಯಿಸಿದ ಕೆಸುವಿನ ಗಡ್ಡೆ. ಹೋದ ಕಾಗದದಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದ. ಕಿಟಕಿಗೆ ಹಿಡಿದು ನೋಡಿದೆ. "ಬಸ್ಸು ಬೇಡ, ಶಾಲೆಗೆ ನಡೆದೇ ಹೋಗ್ತೀನಿ ಅಂತ ಮಾವನಿಗೆ ಹೇಳಮ್ಮ" ಅಂತ ಇತ್ತು. ಅಷ್ಟು ದೂರವನ್ನು ಆ ಬಿಸಿಲಿನಲ್ಲಿ ನಡೆಯಲು ಯಾವ ಹುಡುಗ ಕೇಳುತ್ತಾನೆ? ಬಸ್ಸಿನಲ್ಲಿ ಏನಾಗುತ್ತಿದೆ?

ಚರಿತ್ರೆ ಹೇಳಬೇಡ. ಚಿಕ್ಕವನಿದ್ದಾಗ ಅಪ್ಪ ಬೆತ್ತ ತೆಗೆದರೆ ಸಾಕು, ಜರ್ಮನರು ಯಾವ ವರ್ಷ ಬಂದರು, ಯಾವ ವರ್ಷ ಹೋದರು ಅಂತ ಶುರು ಮಾಡುತ್ತಿದ್ದೆ. ನಿನಗೆ ಹೆದರಿಕೆಯಾದಾಗಲೆಲ್ಲ ಚರಿತ್ರೆ ಉಕ್ಕುತ್ತದೆ. ನೇರವಾಗಿ ಬರೆ.

ಅಕೆನೇಸೆ

---

ಆಪಿಯಾ
3 ಜುಲೈ 1976

ಪ್ರೀತಿಯ ಅಕ್ಕ,

ಸ್ವರ್ಣೋತ್ಸವ ಮುಗಿಯಿತು. ನೀನು ನೋಡಬೇಕಿತ್ತು! ಬಿಷಪ್ಪರು ಬಂದಿದ್ದರು. ಬ್ಯಾಂಡಿನವರು ಬಂದರಿನಿಂದ ಗುಡ್ಡದವರೆಗೆ ನುಡಿಸುತ್ತ ಬಂದರು. ಹಳೆಯ ವಿದ್ಯಾರ್ಥಿಗಳು, ಅದರಲ್ಲೂ ಹೊಟ್ಟೆ ಬಂದವರು, ನೀಲಿ ಪಂಚೆ ಉಟ್ಟು ಸಾಲಿನಲ್ಲಿ ನಿಂತು ಅತ್ತರು. ನಾನು ಭಾಷಣದಲ್ಲಿ ಮೊದಲನೆಯ ತರಗತಿಯಿಂದ ಶುರು ಮಾಡಿದೆ. ಆಗ ಕಪ್ಪು ಹಲಗೆ ಇರಲಿಲ್ಲ, ಬ್ರದರು ಮರಳಿನ ಮೇಲೆ ಕೋಲಿನಿಂದ ಲೆಕ್ಕ ಬರೆಯುತ್ತಿದ್ದರು. ಮಳೆ ಬಂದರೆ ಪಾಠ ಅಳಿಸಿಹೋಗುತ್ತಿತ್ತು. ಮೊದಲ ಸಲ ಇಬ್ಬರು ಹುಡುಗರು ನ್ಯೂಜಿಲೆಂಡಿನ ಪರೀಕ್ಷೆ ಪಾಸಾದಾಗ ಮೂರು ದಿನ ರಜೆ ಕೊಟ್ಟರು. ಕೊನೆಯಲ್ಲಿ ಕಂದು ಪಂಚೆಯವರ ಮೇಲೆ ನಾವು ಗೆದ್ದ ರಗ್ಬಿ ಪಂದ್ಯಗಳ ಪಟ್ಟಿ ಓದಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ.

ಬಸ್ಸಿನ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ಎಲ್ಲರೂ ಬಸ್ಸಿನಲ್ಲಿ ಹೋಗುವಾಗ ಇವನೊಬ್ಬನೇ ನಡೆದುಹೋದರೆ ಹೇಡಿ ಅನ್ನುತ್ತಾರೆ, ಬೇಡ ಅಂದೆ. ಅವನ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದಿದೆ. ರಗ್ಬಿ ಆಡುವಾಗ ಆದದ್ದು.

ನಿನ್ನ ತಮ್ಮ,
ಪಾಸಿಲಿಯೊ

---

ಆಪಿಯಾ
18 ಸೆಪ್ಟೆಂಬರ್ 1976

ಅಕ್ಕ,

ಮಂಗಳವಾರ ನಿನ್ನ ಹಳೆಯ ವಿಳಾಸಕ್ಕೂ ಹೊಸ ವಿಳಾಸಕ್ಕೂ ಟೆಲಿಗ್ರಾಂ ಕೊಟ್ಟೆ. ಉತ್ತರ ಬರಲಿಲ್ಲ. ಈಗ ಬರೆಯಲೇಬೇಕು. ಕೂತು ಓದು.

ಸೋಮವಾರ ಶಾಲೆ ಬಿಟ್ಟ ಮೇಲೆ ಮಾರುಕಟ್ಟೆಯ ಬಸ್ ನಿಲ್ದಾಣದಲ್ಲಿ ಲಾಫಾ ಒಬ್ಬನೇ ನಿಂತಿದ್ದ. ಕಂದು ಪಂಚೆಯವರ ಬಸ್ಸು ಬಂತು. ನಾಲ್ಕೈದು ಜನ ಇಳಿದು ಸುತ್ತುವರಿದರು. "ಬಿಳಿಯಾ, ನಿನ್ನ ಭಾಷೇಲಿ ಅಳು ನೋಡೋಣ" ಅಂದರಂತೆ. ಒಬ್ಬ ಪಂಚೆ ಎಳೆದು ಬಿಚ್ಚಿದ. ಇವನು ಬಗ್ಗಿ ಒಂದು ಹವಳದ ಕಲ್ಲು ಎತ್ತಿ ಬೀಸಿದ. ಎಳೆದವನಿಗೆ ತಾಗಿದ್ದರೆ ಬೇರೆ ಮಾತು. ಬಸ್ಸಿನ ಕಿಟಕಿಯಲ್ಲಿ ಇಯೊಸುವಾ ಅನ್ನುವ ಹುಡುಗ ಸುಮ್ಮನೆ ಕೂತಿದ್ದ. ಅವನ ತಲೆಗೆ, ಕಿವಿಯ ಪಕ್ಕಕ್ಕೆ ಬಡಿಯಿತು. ಆಸ್ಪತ್ರೆಯಲ್ಲಿದ್ದಾನೆ. ಇನ್ನೂ ಕಣ್ಣು ಬಿಟ್ಟಿಲ್ಲ.

ಪೊಲೀಸರು ಬ್ರದರ್ ಆನ್ಸೆಲ್ಮ್ ಅವರ ಮಾತಿನ ಮೇಲೆ ಲಾಫಾನನ್ನು ನನ್ನ ವಶಕ್ಕೆ ಬಿಟ್ಟಿದ್ದಾರೆ. ಅಂದು ನಾನು ಅವನಿಗೆ ಹೊಡೆದೆ. ನೀನೇ ಹೇಳಿದ್ದೆಯಲ್ಲ, ಪುಂಡ ಅಂತ. ನಾನು ಮೃದುವಾಗಿದ್ದೇ ತಪ್ಪಾಯಿತು ಅಂದುಕೊಂಡೆ. ಅವನು ಕೈ ಅಡ್ಡ ಹಿಡಿಯಲಿಲ್ಲ.

ಹುಬ್ಬಿನ ಹೊಲಿಗೆ ರಗ್ಬಿಯದಲ್ಲ. ಅದೂ ಬಸ್ಸಿನಲ್ಲೇ ಆದದ್ದು. ನೀನು ಹೆದರುತ್ತೀಯ ಅಂತ ಹೇಳಲಿಲ್ಲ.

ದೊಡ್ಡಪ್ಪ ಮನೆತನದ ಯಜಮಾನರಾಗಿ ಊರಿನಿಂದ ಬಂದಿದ್ದಾರೆ, ಅಮ್ಮ ಹೆಣೆದ ದೊಡ್ಡ ಚಾಪೆಯನ್ನು ತಂದಿದ್ದಾರೆ. ಸೋಮವಾರ ಬೆಳಕು ಹರಿಯುವ ಮೊದಲೇ ಹುಡುಗನ ಮನೆಯವರಲ್ಲಿ ಕ್ಷಮೆ ಬೇಡಲು ಇಫೋಗಾಕ್ಕೆ ಹೋಗುತ್ತೇವೆ. ದೊಡ್ಡಪ್ಪ, ನಾನು, ಲಾಫಾ, ಮೂವರೂ ಚಾಪೆ ಹೊದ್ದು ಅವರ ಮನೆಯ ಮುಂದೆ ಕೂರುತ್ತೇವೆ. ಸೌದೆ, ಒಲೆಕಲ್ಲು, ಬಾಳೆ ಎಲೆ ಎಲ್ಲ ಕಟ್ಟಿಟ್ಟಿದ್ದೇವೆ. ಬೇಕಾದರೆ ನಮ್ಮನ್ನು ಬೇಯಿಸಿ ತಿನ್ನಿ ಅಂತ ಒಪ್ಪಿಸಿಕೊಳ್ಳುವುದು. ಈ ಕಾಲದಲ್ಲಿ ಯಾರೂ ಬೇಯಿಸುವುದಿಲ್ಲ. ಆದರೆ ಚಾಪೆಯ ಮೇಲೆ ಕತ್ತಿ ಬಿದ್ದದ್ದು ಉಂಟು, ಅದು ನಿನಗೂ ಗೊತ್ತು. ಅವರಾಗಿ ಬಂದು ಚಾಪೆ ಎತ್ತಿದರೆ ಲಾಫಾ ಉಳಿದ.

ಪಾಸಿಲಿಯೊ

---

ಆಪಿಯಾ
22 ಸೆಪ್ಟೆಂಬರ್ 1976

ಅಕ್ಕ,

ಯಾರೂ ಎತ್ತಲಿಲ್ಲ.

ಕತ್ತಲಿರುವಾಗಲೇ ಹೋಗಿ ಕೂತೆವು. ಚಾಪೆಯ ಕೆಳಗೆ ಲಾಫಾನ ಹಲ್ಲು ಕಟಕಟ ಅನ್ನುವುದು ಕೇಳಿಸುತ್ತಿತ್ತು. ಬೆಳಕಾಯಿತು, ಕೋಳಿಗಳು ಬಂದು ನಮ್ಮ ಸುತ್ತ ಕೆದಕಿದವು, ಬ್ರೆಡ್ಡಿನ ಗಾಡಿ ಹೋಯಿತು. ಮನೆಯ ಬಿದಿರು ಪರದೆಗಳೆಲ್ಲ ಕೆಳಗೇ ಇದ್ದವು. ಒಳಗೆ ಜನ ಇದ್ದರು, ಮಗು ಅಳುತ್ತಿತ್ತು. ಬಿಸಿಲೇರಿತು. ಎಲ್ಲಿಂದಲೋ ಒಂದು ಕಲ್ಲು ಬಂದು ನನ್ನ ಬೆನ್ನಿಗೆ ಬಿತ್ತು. ಲಾಫಾ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ: "ಮಾವ, ಅವರು ಬರದೇ ಇದ್ರೆ ಏನ್ ಮಾಡೋದು?" ಸುಮ್ಮನಿರು ಅಂದೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪ ಪಕ್ಕಕ್ಕೆ ವಾಲಿ ಬಿದ್ದರು. ಅವರನ್ನು ಎತ್ತಿಕೊಂಡು ವಾಪಸ್ಸು ಬಂದೆವು. ಈಗ ಹಾಸಿಗೆ ಹಿಡಿದಿದ್ದಾರೆ.

ನಿನ್ನೆ ಸಂಜೆ ಆ ಮನೆಯ ಹೆಂಗಸು ಹಿತ್ತಿಲ ದಾರಿಯಿಂದ ಓಡಿ ಬಂದಳು. ಇಯೊಸುವಾನ ಚಿಕ್ಕಮ್ಮ, ಅವನ ತಾಯಿಯ ತಂಗಿ.

"ಎಂಥ ಕೆಲಸ ಮಾಡಿದ್ರಿ ಮೇಷ್ಟ್ರೇ? ನಾನು ಹುಡುಗನಿಗೆ ಅನ್ನ ಹಾಕೋಳು, ಅಷ್ಟೇ. ನಿಮ್ಮ ಚಾಪೆ ಮುಟ್ಟೋಕೆ ನನಗೇನು ಹಕ್ಕಿದೆ? ಅವನು ಅಪ್ಪನ ಮನೆತನದ ಹುಡುಗ. ಅವರು ಸವಾಯಿ ದ್ವೀಪದಲ್ಲಿದ್ದಾರೆ. ನಮ್ಮನ್ನ ಬಿಟ್ಟು ಹೆಂಡತಿ ತಂಗಿ ಮನೆ ಮುಂದೆ ಕೂತ್ರಂತೆ ಅನ್ನೋದು ಅವರ ಕಿವಿಗೆ ಬಿದ್ದಾಗಿದೆ. ಹುಡುಗನ್ನ ಹೊಡೆದಿದ್ದಕ್ಕಿಂತ ಇದಕ್ಕೇ ಜಾಸ್ತಿ ಕುದೀತಾ ಇದ್ದಾರೆ."

ಅಕ್ಕ, ಇಪ್ಪತ್ತು ವರ್ಷ ಮೇಷ್ಟ್ರಾಗಿ ನನ್ನ ತಲೆ ಶಾಲೆಯ ಲೆಕ್ಕಕ್ಕೇ ಒಗ್ಗಿಹೋಗಿದೆ. ಹುಡುಗ ಎಲ್ಲಿ ಉಣ್ಣುತ್ತಾನೋ, ಯಾರು ಫೀಸು ಕಟ್ಟುತ್ತಾರೋ ಅದೇ ಮನೆ ಅಂದುಕೊಂಡೆ. ದೊಡ್ಡಪ್ಪ ಕೇಳಿದ್ದರು, "ಮನೆ ಸರಿಯಾಗಿ ಗೊತ್ತೇನೋ?" ಅಂತ. ಗೊತ್ತು ಅಂದಿದ್ದೆ.

ನೀನು ಬಾ. ತಂದೆಯಿಲ್ಲದ ಹುಡುಗ. ಎರಡನೆಯ ಸಲ ಚಾಪೆ ಹೊದ್ದರೆ ತಾಯಿ ಜೊತೆಗಿರಬೇಕು ಅಂತ ದೊಡ್ಡಪ್ಪ ಹೇಳುತ್ತಿದ್ದಾರೆ.

ಪಾಸಿಲಿಯೊ

---

ಆಕ್ಲೆಂಡ್
29 ಸೆಪ್ಟೆಂಬರ್ 1976

ಪಾಸಿಲಿಯೊ,

ನಿನ್ನ ಹದಿನೆಂಟನೆಯ ತಾರೀಖಿನ ಕಾಗದ ಇವತ್ತು ಸಿಕ್ಕಿತು. ಮೂರು ಸಲ ಓದಿದೆ. ಟೆಲಿಗ್ರಾಂ ನನಗೆ ತಲುಪಲಿಲ್ಲ, ಏನಾಯಿತೋ ಗೊತ್ತಿಲ್ಲ.

ಒಂದೇ ಒಂದು ಮಾತು, ದಯವಿಟ್ಟು ಇದನ್ನು ಮೊದಲು ನೋಡು. ಯಾರ ಮನೆಯ ಮುಂದೆ ಕೂರುತ್ತೀರಿ? ಆ ಹುಡುಗ ಪಟ್ಟಣದಲ್ಲಿ ಯಾರ ಮನೆಯಲ್ಲೋ ಇದ್ದುಕೊಂಡು ಓದುತ್ತಿರಬಹುದು. ಅವನ ಅಪ್ಪನ ಊರು ಯಾವುದು ಅಂತ ಕೇಳಿದೆಯಾ? ಕೇಳದೆ ಹೋಗಬೇಡ. ನೀನು ಅಂಥ ತಪ್ಪು ಮಾಡುವವನಲ್ಲ, ಆದರೂ ನನ್ನ ಸಮಾಧಾನಕ್ಕೆ ಕೇಳು. ಈ ಕಾಗದ ಸೋಮವಾರಕ್ಕೆ ಮೊದಲೇ ತಲುಪಿದ್ದರೆ ಅಂತ ಬರೆಯಲು ಹೊರಟೆ. ಆ ಸೋಮವಾರ ಆಗಲೇ ಕಳೆದುಹೋಗಿದೆ, ನೋಡು ನನ್ನ ತಲೆ.

ನೀನು ಕೇಳುವ ಮೊದಲೇ ಹೇಳುತ್ತೇನೆ, ನನಗೆ ಬರಲು ಆಗುವುದಿಲ್ಲ. ಕಾರ್ಖಾನೆಯಲ್ಲಿ ಕ್ರಿಸ್‌ಮಸ್ ಬಿಸ್ಕತ್ತಿನ ಕೆಲಸ ಶುರುವಾಗಿದೆ, ಯಾರಿಗೂ ರಜೆ ಇಲ್ಲ. ಲಾಫಾನಿಗೆ ಹೊಡೆಯಬೇಡ. ನಾನು ಹೊಡಿ ಅಂದದ್ದನ್ನು ಮರೆತುಬಿಡು.

ಅಕೆನೇಸೆ

---

ಆಪಿಯಾ
5 ಅಕ್ಟೋಬರ್ 1976

ಅಕ್ಕ,

ಬಿಸ್ಕತ್ತು!

ನಿನ್ನ ಕಾಗದ ಓದಿ ಮೇಜಿನ ಮೇಲೆ ಕುಕ್ಕಿದೆ. ಮಗನ ತಲೆ ಹೋಗುವ ಹೊತ್ತಿನಲ್ಲಿ ಬಿಸ್ಕತ್ತಿನ ಮಾತು ಬರೆಯುತ್ತೀಯಲ್ಲ, ಆಕ್ಲೆಂಡಿನ ನೀರು ಕುಡಿದು ಅಷ್ಟು ದೊಡ್ಡವಳಾಗಿಬಿಟ್ಟೆಯಾ? ಅಕ್ಕನ ಮಾತು ಮೀರಬಾರದು ಅಂತ ಬೆಳೆದವನು ನಾನು. ಇವತ್ತು ಮೀರಿ ಹೇಳುತ್ತಿದ್ದೇನೆ, ನಿನಗೆ ನಾಚಿಕೆಯಾಗಬೇಕು.

ಇಯೊಸುವಾನ ಅಪ್ಪ ಹಡಗು ಹತ್ತಿ ಬಂದಿದ್ದಾನೆ. ಶಾಲೆಯ ಗೇಟಿನ ಎದುರು ದೀವಿಹಲಸಿನ ಮರದ ಕೆಳಗೆ ದಿನವೂ ಬೆಳಗ್ಗೆಯಿಂದ ಸಂಜೆಯವರೆಗೆ ಕೂತಿರುತ್ತಾನೆ. ತೊಡೆಯ ಮೇಲೆ ತೋಟದ ಕತ್ತಿ. ಕೂಗುವುದಿಲ್ಲ, ಬಯ್ಯುವುದಿಲ್ಲ. ಹುಡುಗರು ಗೇಟಿನ ಹತ್ತಿರ ಬಂದಾಗ ಒಬ್ಬೊಬ್ಬರ ಮುಖ ನೋಡುತ್ತಾನೆ, ಅಷ್ಟೆ. ಕೂಗಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಪೊಲೀಸಿನವನು ಬಂದು, "ಕತ್ತಿ ಇಟ್ಕೊಂಡು ಕೂರೋದು ಅಪರಾಧ ಅಲ್ಲ ಮೇಷ್ಟ್ರೇ, ನಮ್ಮೂರಲ್ಲಿ ಯಾರ ಕೈಲಿ ಇಲ್ಲ ಹೇಳಿ" ಅಂದು ಹೋದ. ಬ್ರದರ್ ಆನ್ಸೆಲ್ಮ್ ನೀರು ತೆಗೆದುಕೊಂಡು ಹೋಗಿ ಮಾತಾಡಿಸಿದರು. ಕುಡಿದು ಚೊಂಬು ವಾಪಸ್ಸು ಕೊಟ್ಟನಂತೆ.

ಲಾಫಾನನ್ನು ಶಾಲೆಯೊಳಗೇ ಅಡಗಿಸಿದ್ದೇವೆ. ಗೆದ್ದ ಕಪ್ಪುಗಳನ್ನೂ ಹಳೆಯ ಫೋಟೋಗಳನ್ನೂ ಇಡುವ ಕೋಣೆ, ಒಂದೇ ಕಿಟಕಿ. ಅಮ್ಮನ ಚಾಪೆಯನ್ನೂ ಅಲ್ಲೇ ಸುತ್ತಿಟ್ಟಿದ್ದೇನೆ. ಬ್ರದರ್ ದಿನವೂ ಬಂದು ಬೀಜಗಣಿತ ಹೇಳಿಕೊಡುತ್ತಾರೆ. "ಪರೀಕ್ಷೆಗೆ ಕೂರಿಸೇ ಕೂರಿಸ್ತೀನಿ, ಜೈಲಲ್ಲಾದ್ರೂ ಕೂರಿಸ್ತೀನಿ" ಅನ್ನುತ್ತಾರೆ. ಹುಡುಗ ಲೆಕ್ಕ ಬಿಡಿಸುತ್ತಾನೆ, ಸರಿಯಾಗಿಯೇ ಬಿಡಿಸುತ್ತಾನೆ, ಊಟ ಮಾತ್ರ ಮಾಡುವುದಿಲ್ಲ. ಕಿಟಕಿಯಿಂದ ಮರ ಕಾಣಿಸುತ್ತದೆ.

ಇಯೊಸುವಾ ಇನ್ನೂ ಎದ್ದಿಲ್ಲ. ಎದ್ದರೆ ಸವಾಯಿಗೆ ಹೋಗಿ ಕೂರಬಹುದು. ಏಳದೆ ಹೋದರೆ ಏನು ಅನ್ನುವುದನ್ನು ಇಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ. ನೀನು ಬರುತ್ತೀಯೋ ಇಲ್ಲವೋ ಒಂದೇ ಮಾತಿನಲ್ಲಿ ಬರೆ.

ಪಾಸಿಲಿಯೊ

---

ಆಕ್ಲೆಂಡ್
11 ಅಕ್ಟೋಬರ್ 1976

ತಮ್ಮ,

ಒಂದೇ ಮಾತಿನಲ್ಲಿ ಆಗುವುದಿಲ್ಲ. ನನ್ನ ಹತ್ತಿರ ಕಾಗದಪತ್ರ ಇಲ್ಲ. ಇಲ್ಲಿರಲು ಕೊಟ್ಟ ಅನುಮತಿ ಮುಗಿದು ಎರಡು ವರ್ಷವಾಯಿತು. ಈ ನೆಲ ಬಿಟ್ಟು ಹೊರಟರೆ ಮತ್ತೆ ಒಳಗೆ ಬಿಡುವುದಿಲ್ಲ. ಆಮೇಲೆ ಫೀಸು ಎಲ್ಲಿಂದ, ದೊಡ್ಡಪ್ಪನ ಔಷಧಿ ಎಲ್ಲಿಂದ, ನಿನ್ನ ಮನೆಯ ತಗಡು ಎಲ್ಲಿಂದ? ಈ ವಿಷಯವನ್ನು ಊರಿಗೆ ಬರೆಯಲು ನನಗೆ ಮುಖ ಇರಲಿಲ್ಲ. ಆಕ್ಲೆಂಡಿನ ಅಕ್ಕ ಅಂತ ನೀವೆಲ್ಲ ಹೇಳಿಕೊಂಡು ತಿರುಗುತ್ತೀರಿ.

ಇಲ್ಲಿ ಬೆಳಕು ಹರಿಯುವ ಮೊದಲೇ ಪೊಲೀಸರು ಬರುತ್ತಾರೆ. ನಾಯಿಗಳನ್ನು ತರುತ್ತಾರೆ. ಬಾಗಿಲು ಬಡಿದು, ಟಾರ್ಚು ಹಿಡಿದು, ಮಲಗಿದವರ ಹೊದಿಕೆ ಎತ್ತಿ ಮುಖ ನೋಡುತ್ತಾರೆ. ನಮ್ಮ ಜನರ ಮನೆಗಳಿಗೇ ಬರುತ್ತಾರೆ. ಪಕ್ಕದ ಮನೆಯ ಗಂಡಸನ್ನು ಬನಿಯನ್ನಿನಲ್ಲೇ ಕರೆದುಕೊಂಡು ಹೋದರು. ನಾನು ಬಟ್ಟೆ ಒಗೆಯುವ ಕೊಟ್ಟಿಗೆಯಲ್ಲಿ ಹಂಡೆಯ ಹಿಂದೆ ಕೂತಿದ್ದೆ. ನಿನ್ನ ಟೆಲಿಗ್ರಾಂ ಬಂದಿತ್ತು ಪಾಸಿಲಿಯೊ. ಫಾದರ್ ಅದನ್ನು ಈ ಮನೆಗೆ ಕಳಿಸಿದ್ದರಂತೆ. ತಂದ ಅಂಚೆಯವನು ಸಮವಸ್ತ್ರದಲ್ಲಿದ್ದ. ಅವನನ್ನು ಕಂಡು ನಾವು ಯಾರೂ ಬಾಗಿಲು ತೆಗೆಯಲಿಲ್ಲ.

ಲಾಫಾ ಪುಂಡನಲ್ಲ. ನಾನು ಸುಳ್ಳು ಬರೆದೆ. ಕಳೆದ ವರ್ಷ ಹಾಲು ತರಲು ಹೋದವನನ್ನು ಬೀದಿಯಲ್ಲಿ ನಿಲ್ಲಿಸಿ ಪಾಸ್‌ಪೋರ್ಟು ಕೇಳಿದರು. ಹದಿನಾಲ್ಕರ ಹುಡುಗ, ಬಾಟಲಿಯನ್ನು ಅವರತ್ತ ಎಸೆದು ಓಡಿಬಂದ. ಎರಡು ದಿನ ಮಂಚದ ಕೆಳಗಿಂದ ಬರಲಿಲ್ಲ. ಇವನಿಂದ ನಾನು ಸಿಕ್ಕಿಬೀಳುತ್ತೇನೆ, ನನ್ನಿಂದ ಇವನು ಕೆಡುತ್ತಾನೆ ಅಂತ ಕಳಿಸಿದೆ. ಹೆದರಿದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ಅದೊಂದೇ ಅವನ ದೋಷ. ಅದನ್ನು ಆಗಲೇ ಬರೆದಿದ್ದರೆ ನೀನು ಅವನನ್ನು ಆ ಬಸ್ಸಿಗೆ ಹತ್ತಿಸುತ್ತಿರಲಿಲ್ಲ. ಶಾಲೆಯ ಗೋಡೆಯೊಳಗೆ ಹೆದರಿಕೆ ಇರುವುದಿಲ್ಲ ಅಂದುಕೊಂಡಿದ್ದೆ. ಅಪ್ಪ ಆ ಶಾಲೆಯ ಬಗ್ಗೆ ಮಾತಾಡುವಾಗಲೆಲ್ಲ ನಗುತ್ತಿದ್ದರಲ್ಲ.

ನನ್ನನ್ನು ಬಯ್ಯಿ. ಆದರೆ ಕಿಟಕಿಗೆ ಏನಾದರೂ ಅಡ್ಡ ಹಾಕು, ಆ ಮರ ಅವನಿಗೆ ಕಾಣುವುದು ಬೇಡ.

ಅಕೆನೇಸೆ

---

ಆಕ್ಲೆಂಡ್, ಪೊಲೀಸ್ ಠಾಣೆ
20 ಅಕ್ಟೋಬರ್ 1976

ತಮ್ಮ,

ನಾನು ಬರುತ್ತಿದ್ದೇನೆ.

ಒಂಬತ್ತು ದಿನ ಯೋಚಿಸಿದೆ. ಟಿಕೆಟ್ಟಿಗೆ ದುಡ್ಡಿಲ್ಲ, ಯಾರೂ ಸಾಲ ಕೊಡುವ ಸ್ಥಿತಿಯಲ್ಲಿಲ್ಲ. ಆಮೇಲೆ ಹೊಳೆಯಿತು. ಹಿಡಿದರೆ ಅವರೇ ವಿಮಾನ ಹತ್ತಿಸುತ್ತಾರೆ. ಇವತ್ತು ಬೆಳಗ್ಗೆ ಚರ್ಚಿಗೆ ಉಡುವ ಬಿಳಿ ಉಡುಪು ಹಾಕಿಕೊಂಡು, ನಾನೇ ಠಾಣೆಗೆ ನಡೆದುಹೋದೆ.

ಅಲ್ಲಿದ್ದ ಹುಡುಗ ಪೊಲೀಸಿನವನು ಟೀ ಕುಡಿಯುತ್ತಿದ್ದ. "ಏನಮ್ಮಾ, ಏನಾದ್ರೂ ಕಳೆದುಹೋಯ್ತಾ?" ಅಂದ. "ನಾನೇ ಕಳೆದುಹೋದೋಳು, ನೀವು ಹುಡುಕ್ತಾ ಇದ್ದೀರಲ್ಲ" ಅಂದೆ. ನಂಬಲಿಲ್ಲ. "ಹೀಗೆ ಯಾರೂ ಬರಲ್ಲಮ್ಮ, ಮನೆಗೆ ಹೋಗಿ" ಅಂದ. ನಾನು ಹೋಗಲಿಲ್ಲ. ಹಳೆಯ ಪಾಸ್‌ಪೋರ್ಟು ತೆಗೆದು ಮೇಜಿನ ಮೇಲೆ ಇಟ್ಟೆ. ಆಗ ಟೀ ಲೋಟ ಕೆಳಗಿಟ್ಟ. ನನಗೂ ಒಂದು ಲೋಟ ಕೊಟ್ಟ. ಇನ್ನು ಈ ದೇಶಕ್ಕೆ ನಾನು ಬರುವಂತಿಲ್ಲ ಅಂತ ಓದಿ ಹೇಳಿ ಸಹಿ ಮಾಡಿಸಿಕೊಂಡರು. ಮಾಡಿದೆ. ಮುಂದಿನ ವಿಮಾನಕ್ಕೆ ಹತ್ತಿಸುತ್ತಾರಂತೆ. ಅದೇ ವಿಮಾನದಲ್ಲಿ ಈ ಕಾಗದವೂ ಬರಬಹುದು. ಮೊದಲೇ ಬಂದರೆ ಒಳ್ಳೆಯದು ಅಂತ ಬರೆಯುತ್ತಿದ್ದೇನೆ.

ನಾನು ಬರುವವರೆಗೆ ಚಾಪೆ ಬಿಚ್ಚಬೇಡಿ. ಅವನನ್ನು ಆ ಮನುಷ್ಯನ ಕಣ್ಣಿಗೆ ಬೀಳಿಸಬೇಡಿ. ಕತ್ತಿ ಬೀಳುವುದಿದ್ದರೆ ಮೊದಲು ನನ್ನ ಮೇಲೆ ಬೀಳುವ ಹಾಗೆ ಅವನ ಮೇಲೆ ಒರಗಿ ಕೂರುತ್ತೇನೆ. ಅಮ್ಮ ಬರುತ್ತಿದ್ದಾಳೆ ಅಂತ ಹೇಳು, ಊಟ ಮಾಡಲಿ.

ಅಕೆನೇಸೆ

---

ಆಪಿಯಾ
20 ಅಕ್ಟೋಬರ್ 1976

ನನ್ನ ಅಕ್ಕ,

ನಿನ್ನ ಹನ್ನೊಂದನೆಯ ತಾರೀಖಿನ ಕಾಗದ ಇವತ್ತು ಕೈಗೆ ಬಂತು. ಓದಿ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾನು ಬರೆದ ಮಾತುಗಳನ್ನೆಲ್ಲ ಹರಿದು ಒಲೆಗೆ ಹಾಕು. ಮೊದಲು ಒಳ್ಳೆಯ ಸುದ್ದಿ ಕೇಳು. ಚಾಪೆ ಎತ್ತಿದರು.

ಸೋಮವಾರ ನಾನು ಐದನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಹುಡುಗರೆಲ್ಲ ಒಮ್ಮೆಗೇ ಎದ್ದು ಕಿಟಕಿಗೆ ಹೋದರು. ಬಯ್ಯುತ್ತ ಹೋಗಿ ನೋಡಿದರೆ ಲಾಫಾ ಅಂಗಳದಲ್ಲಿ ನಡೆಯುತ್ತಿದ್ದ. ಬೀಗ ಹಾಕುವುದನ್ನು ಬ್ರದರ್ ಮರೆತಿದ್ದರೋ, ಬೇಕೆಂದೇ ಹಾಕಿರಲಿಲ್ಲವೋ, ಕೇಳಿದರೆ ಹೇಳುತ್ತಿಲ್ಲ. ಅಮ್ಮನ ಚಾಪೆ ಹೆಗಲ ಮೇಲಿತ್ತು. ಗೇಟು ದಾಟಿ, ರಸ್ತೆ ದಾಟಿ, ನಡು ಮಧ್ಯಾಹ್ನ ಆ ಮನುಷ್ಯನ ಎದುರು ಮಣ್ಣಿನಲ್ಲಿ ಕೂತು ಚಾಪೆ ಎಳೆದುಕೊಂಡ. ಮನೆಯ ಮುಂದೆ ಕೂರಬೇಕು, ಬೆಳಕಾಗುವ ಮೊದಲು ಕೂರಬೇಕು, ಯಜಮಾನ ಜೊತೆಗಿರಬೇಕು, ಒಂದೂ ಅವನಿಗೆ ಗೊತ್ತಿಲ್ಲ. ನಾವು ಯಾವ ಮನೆ, ಯಾರ ಮನೆ ಅಂತ ಒದ್ದಾಡಿದೆವು. ಅವನು ಹೋಗಿ ಮನುಷ್ಯನ ಮುಂದೆ ಕೂತ.

ನಾನು ಓಡಿದೆ ಅಕ್ಕ. ಗೇಟಿನವರೆಗೆ ಓಡಿದೆ. ಅಲ್ಲಿಂದ ಮುಂದೆ ಕಾಲು ಬರಲಿಲ್ಲ. ನಿನಗೆ ಸುಳ್ಳು ಬರೆಯುವುದಿಲ್ಲ.

ಆ ಮನುಷ್ಯ ಕತ್ತಿ ಹಿಡಿದು ಎದ್ದು ನಿಂತ. ಚಾಪೆ ಗಡಗಡ ಅಲ್ಲಾಡುತ್ತಿತ್ತು. ಆಮೇಲೆ ಕೇಳಿದ, "ಯಾಕೋ ಎಸೆದೆ?" ಚಾಪೆಯ ಕೆಳಗಿರುವವರು ಮಾತಾಡುವಂತಿಲ್ಲ. ಇವನು ತನ್ನ ಹರಕು ಮುರುಕು ಭಾಷೆಯಲ್ಲಿ, ಕೊನೆಯ ಬೆಂಚಿನ ಭಾಷೆಯಲ್ಲಿ ಹೇಳಿದ: "ಹೆದರಿಕೆ ಆಯ್ತು. ಈಗಲೂ ಆಗ್ತಾ ಇದೆ."

ಆ ಮನುಷ್ಯ ಕುಸಿದು ಕೂತ. "ನನ್ನ ಮಗನಿಗೂ ಆಗ್ತಿತ್ತು ಕಣೋ," ಅಂದ. "ನಿಮ್ಮ ನೀಲಿ ಪಂಚೆ ಕಂಡ್ರೆ ಬಸ್ಸಲ್ಲಿ ಉಚ್ಚೆ ಬರುತ್ತಪ್ಪ, ಶಾಲೆ ಬಿಡಿಸು ಅಂತ ಅಳ್ತಿದ್ದ. ಗಂಡಸಾಗೋ ಅಂತ ನಾನೇ ಕಳಿಸ್ದೆ." ಹೇಳುತ್ತ ಚಾಪೆಯನ್ನು ತನ್ನ ಕೈಯಿಂದಲೇ ಎತ್ತಿ ಪಕ್ಕಕ್ಕೆ ಇಟ್ಟ. ಲಾಫಾನ ತಲೆಯನ್ನು ಎದೆಗೆ ಒತ್ತಿಕೊಂಡ. ಇಬ್ಬರೂ ಅತ್ತರು. ಗೇಟಿನ ಈಚೆ ಇಡೀ ಶಾಲೆ ಅಳುತ್ತಿತ್ತು, ಬ್ರದರ್ ಆನ್ಸೆಲ್ಮ್ ಮೂಗು ಸೀಟುವ ಸದ್ದೇ ಎಲ್ಲಕ್ಕಿಂತ ಜೋರು.

ಇಯೊಸುವಾ ನಿನ್ನೆ ಕಣ್ಣು ಬಿಟ್ಟು ನೀರು ಕೇಳಿದ. ಒಂದು ಕಿವಿ ಕೇಳಿಸುವುದಿಲ್ಲವಂತೆ, ಅದು ವಾಪಸ್ಸು ಬರುವುದಿಲ್ಲ. ಲಾಫಾ ಇನ್ನು ದಿನವೂ ಸಂಜೆ ಆಸ್ಪತ್ರೆಗೆ ಹೋಗಿ ಅವನಿಗೆ ಇಂಗ್ಲಿಷ್ ಪಾಠ ಓದಿ ಹೇಳುತ್ತಾನಂತೆ. ಇಬ್ಬರಿಗೂ ನವೆಂಬರಿನಲ್ಲಿ ಅದೇ ಪರೀಕ್ಷೆ ತಾನೇ. ಪಾಸಾದರೆ ಇನ್ನೆರಡು ವರ್ಷ ಓದಿಸಿ ಮೇಷ್ಟ್ರ ತರಬೇತಿಗೆ ಕಳಿಸೋಣ ಅಂತ ಬ್ರದರ್ ಹೇಳುತ್ತಿದ್ದಾರೆ. ಅಷ್ಟು ದಿನ ನಿನ್ನ ದುಡಿಮೆಯೊಂದು ಇದ್ದರೆ ಸಾಕು.

ಅದಕ್ಕೇ ಅವಸರವಾಗಿ ಬರೆಯುತ್ತಿದ್ದೇನೆ. ಇಲ್ಲಿ ಹೆದರುವಂಥದ್ದು ಏನೂ ಉಳಿದಿಲ್ಲ. ನಾನು ಬಾ ಬಾ ಅಂದದ್ದನ್ನು ಕೇಳಿ ದುಡುಕಬೇಡ. ನೀನು ಬರುವ ಅಗತ್ಯವಿಲ್ಲ ಅಕ್ಕ. ಅಲ್ಲೇ ಇರು, ಯಾರ ಕಣ್ಣಿಗೂ ಬೀಳದ ಹಾಗೆ ಇರು.

ನಿನ್ನ ತಮ್ಮ,
ಪಾಸಿಲಿಯೊ